ಜಾಸ್ತಿ ಓಡಿದವನೇ ಚೆನ್ನಾಗಿ ಆಡಿದವನಾ?

ನಾನು ಕೋಚ್ ಮಾಡುವ ಫುಟ್‌ಬಾಲ್ ಹುಡುಗರ ಮೈಗೆ ಜಿಪಿಎಸ್ ವೆಸ್ಟ್ (ಎಷ್ಟು ಓಡಿದರು ಅಂತ ಅಳೆಯುವ ಅಂಗಿ) ಬಂದ ಮೇಲೆ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಸರ್, ನಮ್ಮ ಹುಡುಗ ಎಲ್ಲರಿಗಿಂತ ಜಾಸ್ತಿ ಓಡಿದಾನೆ. ಆದ್ರೂ ಯಾಕೆ ಹೊರಗೆ ಕೂರಿಸಿದ್ರಿ?" ಮೊಬೈಲ್ ತೆಗೆದು ಕಿಲೋಮೀಟರ್ ತೋರಿಸುತ್ತಾರೆ. ಅಪ್ಪ ಅಮ್ಮ ಕೇಳಿದರೆ ನನಗೆ ಬೇಜಾರಿಲ್ಲ, ಮಗನ ಮೇಲಿನ ಪ್ರೀತಿ ಅದು. ತಂಡ ನಡೆಸುವವರೂ ಇದನ್ನೇ ಕೇಳಿದಾಗ ಮಾತ್ರ ತಾಳ್ಮೆ ಕೆಡುತ್ತದೆ.

ಒಬ್ಬರು ತಂದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಂದ್ಯದ ವಿಡಿಯೋ ತೋರಿಸಿದೆ. ಮಗ ರೈಟ್ ಬ್ಯಾಕ್, ಅಂದರೆ ಬಲಗಡೆ ಕಾಯುವವನು. ಎದುರು ತಂಡದ ವಿಂಗರ್, ಅಂದರೆ ಅಂಚಿನಿಂದ ದಾಳಿ ಮಾಡುವವನು, ಸೈಡ್‌ಲೈನ್ ಪಕ್ಕ ಒಬ್ಬನೇ ನಿಂತಿದ್ದಾನೆ. ಇವನು ಚೆಂಡಿನ ಆಸೆಗೆ ಮಧ್ಯಕ್ಕೆ ಹೋಗಿದ್ದಾನೆ. ಪಾಸ್ ನೇರ ವಿಂಗರ್ ಕಾಲಿಗೆ ಬಿತ್ತು. ನಮ್ಮವನು ಬಿದ್ದೂ ಎದ್ದೂ ವಾಪಸ್ ಓಡಿದ. ವೆಸ್ಟ್ ಕೊಡುವ ವರದಿಯಲ್ಲಿ ಒಂದು ಸ್ಪ್ರಿಂಟ್ (ಜೋರು ಓಟ) ಸೇರಿತು. ಎಡಗಡೆಯ ಹುಡುಗ ಅಂಥದೇ ಹೊತ್ತಿನಲ್ಲಿ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ. ಅವನ ಕಡೆ ಪಾಸ್ ಕೊಡುವ ಧೈರ್ಯ ಯಾರಿಗೂ ಬರಲಿಲ್ಲ. ಆ ನಾಲ್ಕು ಹೆಜ್ಜೆಗೆ ಕಿಲೋಮೀಟರ್ ಲೆಕ್ಕದಲ್ಲಿ ಬೆಲೆಯೇ ಇಲ್ಲ.

ಅಂಕಿಯನ್ನು ಹೀಗೆ ತಪ್ಪಾಗಿ ಓದುವುದು ಹೊಸದೇನಲ್ಲ. 1950ರಲ್ಲಿ ಇಂಗ್ಲೆಂಡಿನ ವಾಯುಪಡೆಯ ಅಧಿಕಾರಿ ಚಾರ್ಲ್ಸ್ ರೀಪ್, ಸ್ವಿಂಡನ್ ಟೌನ್ ತಂಡದ ಪಂದ್ಯ ನೋಡುತ್ತಾ ಪೆನ್ಸಿಲ್ ಹಿಡಿದು ಲೆಕ್ಕ ಬರೆಯಲು ಶುರು ಮಾಡಿದರು. ಆಮೇಲೆ ವರ್ಷಗಟ್ಟಲೆ ಬರೆದರು. ಹೆಚ್ಚಿನ ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸ್‌ಗಳಲ್ಲಿ ಬರುತ್ತವೆ ಅಂತ ಕಂಡುಕೊಂಡರು. ಅವರ ಎಣಿಕೆ ಸರಿಯೇ ಇತ್ತು. ಹಾಗಾದರೆ ಪಾಸ್ ಕಡಿಮೆ ಮಾಡಿ, ಚೆಂಡನ್ನು ಬೇಗ ಮುಂದಕ್ಕೆ ಒದೆಯಿರಿ ಎಂದರಲ್ಲ, ಎಡವಿದ್ದು ಅಲ್ಲಿ. ಫುಟ್‌ಬಾಲ್‌ನಲ್ಲಿ ಬಹುತೇಕ ಸಲ ಮೂರು ಪಾಸ್ ದಾಟುವ ಮೊದಲೇ ಚೆಂಡು ಕೈತಪ್ಪುತ್ತದೆ. ರಸ್ತೆ ತುಂಬ ಬೈಕೇ ಇದ್ದರೆ ಗುದ್ದಿಸಿಕೊಂಡ ಗಾಡಿಗಳಲ್ಲೂ ಬೈಕೇ ಜಾಸ್ತಿ ಇರುತ್ತದೆ ಅಲ್ವಾ? ಕೇಳಬೇಕಾದ ಪ್ರಶ್ನೆ ಬೇರೆ ಇತ್ತು. ಕಡಿಮೆ ಪಾಸ್‌ನ ನೂರು ದಾಳಿಯಲ್ಲಿ ಎಷ್ಟು ಗೋಲು, ಜಾಸ್ತಿ ಪಾಸ್‌ನ ನೂರು ದಾಳಿಯಲ್ಲಿ ಎಷ್ಟು? ಮುಂದೆ ಹಾಗೆ ಲೆಕ್ಕ ಹಾಕಿದವರಿಗೆ ಬೇರೆಯೇ ಉತ್ತರ ಸಿಕ್ಕಿತು. ಅಷ್ಟರಲ್ಲಿ ಇಂಗ್ಲೆಂಡಿನ ಎಷ್ಟೋ ಕೋಚ್‌ಗಳು ಉದ್ದದ ಪಾಸನ್ನೇ ನೆಚ್ಚಿಕೊಂಡಾಗಿತ್ತು.

ಹಾಗಂತ "ನನ್ನ ಕಣ್ಣೇ ಸಾಕು" ಎನ್ನುವ ಕೋಚ್‌ಗಳ ಪರವೂ ನಾನಿಲ್ಲ. ಕಣ್ಣು ಕೊನೆಯ ಹತ್ತು ನಿಮಿಷವನ್ನೇ ಜಾಸ್ತಿ ನೆನಪಿಟ್ಟುಕೊಳ್ಳುತ್ತದೆ. ಗೋಲು ಹೊಡೆದವನ ಉಳಿದ ತಪ್ಪುಗಳನ್ನು ಮರೆಸಿಬಿಡುತ್ತದೆ.

2006ರ ವಿಶ್ವಕಪ್ ಕ್ವಾರ್ಟರ್ ಫೈನಲ್ ಅನ್ನು ನಾನು ಹುಡುಗರಿಗೆ ಆಗಾಗ ತೋರಿಸುತ್ತೇನೆ. ಬರ್ಲಿನ್, ಜರ್ಮನಿ ಮತ್ತು ಅರ್ಜೆಂಟೀನಾ, ಪೆನಾಲ್ಟಿ ಶೂಟೌಟ್. ಜರ್ಮನಿಯ ಗೋಲ್‌ಕೀಪರ್ ಲೇಮನ್ ಕಾಲುಚೀಲದಲ್ಲಿ ಒಂದು ಚೀಟಿ ಇತ್ತು. ಯಾರು ಯಾವ ಕಡೆ ಹೊಡೆಯುತ್ತಾರೆ ಅಂತ ಗೋಲ್‌ಕೀಪಿಂಗ್ ಕೋಚ್ ಕೋಪ್ಕೆ ಬರೆದುಕೊಟ್ಟಿದ್ದರು. ಅರ್ಜೆಂಟೀನಾದ ಅಯಾಲಾ ಹೆಸರು ಅದರಲ್ಲಿತ್ತು, ಅವರ ಹೊಡೆತವನ್ನು ಲೇಮನ್ ತಡೆದರು. ಕೊನೆಗೆ ಕಾಂಬಿಯಾಸೊ ಬಂದರು. ಅವರ ಹೆಸರು ಚೀಟಿಯಲ್ಲಿ ಇರಲೇ ಇಲ್ಲ! ಆದರೂ ಲೇಮನ್ ಚೀಟಿ ತೆಗೆದು ನೋಡಿದರು, ಒಳಗಿಟ್ಟರು, ಆ ಹೊಡೆತವನ್ನೂ ತಡೆದರು. ಜರ್ಮನಿ 4–2ರಲ್ಲಿ ಗೆದ್ದಿತು. ಚೀಟಿ ಸುಮ್ಮನಾದ ಕಡೆ ಆ ಗೋಲ್‌ಕೀಪರ್‌ನ ಅಷ್ಟು ವರ್ಷದ ಅನುಭವ ಕೆಲಸ ಮಾಡಿತು. ಹಾಗಂತ ಚೀಟಿಯೇ ಬೇಡವಾಗಿತ್ತು ಅಂತ ಯಾರಾದರೂ ಹೇಳಿದರೆ ಅಯಾಲಾ ಹೊಡೆತವನ್ನು ಇನ್ನೊಮ್ಮೆ ನೋಡಲಿ.

ನಮ್ಮಲ್ಲಿ ಈಗ ಒಂದು ಪದ್ಧತಿ ಇದೆ. ಪಂದ್ಯ ಮುಗಿದ ಕೂಡಲೇ ಕೋಚ್ ತನಗೆ ಅನಿಸಿದ್ದನ್ನು ಬರೆದಿಡಬೇಕು. ವರದಿ ತೆರೆಯುವುದು ಆಮೇಲೆ. ಮೊದಲೇ ನೋಡಿಬಿಟ್ಟರೆ ಅನಿಸಿಕೆ ತಾನಾಗಿ ಅಂಕಿಯ ಕಡೆ ವಾಲುತ್ತದೆ. ಎರಡೂ ಹೊಂದದಿದ್ದರೆ ಆ ನಿಮಿಷಗಳ ವಿಡಿಯೋ ನೋಡುತ್ತೇವೆ. ಎಲ್ಲ ತಂಡಕ್ಕೂ ಇದು ಹೊಂದುತ್ತದೆ ಅಂತ ನಾನು ಹೇಳಲಾರೆ. ವಿಡಿಯೋ ಮಾಡಲು ಒಬ್ಬರಾದರೂ ಬೇಕು, ನೋಡಲು ಪುರುಸೊತ್ತೂ ಬೇಕು.

ಗಾಯದಿಂದ ಚೇತರಿಸಿಕೊಂಡ ಹುಡುಗನ ವಿಷಯದಲ್ಲಿ ಮಾತ್ರ ನಾನು ಚೌಕಾಸಿಗೆ ಕೂರುವುದಿಲ್ಲ. ಅವನನ್ನು ಕೇಳಿದರೆ "ಫುಲ್ ಫಿಟ್ ಸರ್" ಅಂತಲೇ ಹೇಳುತ್ತಾನೆ. ಕೋಚ್‌ಗೂ ಅವನು ಬೇಕಿರುತ್ತದೆ. ಆ ವಾರದ ಓಟ ಹಿಂದಿನ ವಾರಗಳಿಗಿಂತ ಏಕಾಏಕಿ ಏರಿದ್ದರೆ ಫಿಸಿಯೋ ಒಪ್ಪುವ ತನಕ ಅವನು ಬೆಂಚ್ ಮೇಲೇ ಇರುತ್ತಾನೆ, ಅಂದು ಫೈನಲ್ ಇದ್ದರೂ ಸರಿ.