ಒಂದೇ ಸೂಜಿ, ಎರಡು ನಿಯಮ: ಕಸದ ಕಾನೂನಿನ ಟಿಪ್ಪಣಿ

ಪರೀಕ್ಷೆಗೆ ಕಸದ ಕಾನೂನು ಓದುವವರು ಮೊದಲು ಅದರ ಬೇರು ಹಿಡಿಯಿರಿ. ಅದು 1986ರ ಪರಿಸರ ಸಂರಕ್ಷಣಾ ಕಾಯ್ದೆ, ಭೋಪಾಲ್ ದುರಂತದ ನಂತರ ಬಂದದ್ದು. ಘನತ್ಯಾಜ್ಯ, ಪ್ಲಾಸ್ಟಿಕ್, ಇ-ತ್ಯಾಜ್ಯ, ಬ್ಯಾಟರಿ, ಜೀವವೈದ್ಯಕೀಯ ತ್ಯಾಜ್ಯ (ಆಸ್ಪತ್ರೆ, ಕ್ಲಿನಿಕ್ಕುಗಳ ಚಿಕಿತ್ಸೆಯ ಕಸ), ಇವೆಲ್ಲದರ ನಿಯಮಗಳನ್ನೂ ಕೇಂದ್ರ ಸರ್ಕಾರ ಇದರ ಅಡಿಯಲ್ಲೇ ಮಾಡಿದೆ. ಒಂದೊಂದಕ್ಕೂ ಬೇರೆ ಕಾಯ್ದೆ ಹುಡುಕಬೇಡಿ.

ತಲೆ ಕೆಡಿಸೋದು ಇನ್ಸುಲಿನ್ ಸೂಜಿ. 2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿಯಮದ ಆರಂಭದಲ್ಲೇ ಜೀವವೈದ್ಯಕೀಯ ತ್ಯಾಜ್ಯಕ್ಕೆ ಇದು ಅನ್ವಯಿಸುವುದಿಲ್ಲ ಎಂದಿತ್ತು. ಆದರೆ ಮುಂದೆ 'ಗೃಹ ಅಪಾಯಕಾರಿ ತ್ಯಾಜ್ಯ'ದ ವ್ಯಾಖ್ಯೆಯಲ್ಲಿ ಟ್ಯೂಬ್‌ಲೈಟ್, ಅವಧಿ ಮೀರಿದ ಮಾತ್ರೆಗಳ ಜೊತೆ ಬಳಸಿದ ಸೂಜಿ, ಸಿರಿಂಜುಗಳೂ ಇದ್ದವು! ಹೊರಗೆ ಹಾಕಿ ಮತ್ತೆ ಒಳಗೆ ಕರೆದ ಹಾಗೆ ಕಾಣುತ್ತದೆ, ಅಲ್ವಾ?

ಗಂಟು ಬಿಚ್ಚೋದು ವ್ಯಾಖ್ಯೆಯ ಕೊನೆಯಲ್ಲಿ: 'ಮನೆಯ ಮಟ್ಟದಲ್ಲಿ ಉಂಟಾದ' ತ್ಯಾಜ್ಯ. 2016ರ ಜೀವವೈದ್ಯಕೀಯ ನಿಯಮದ ಹೊಣೆ ಬೀಳೋದು ಆಸ್ಪತ್ರೆ, ಕ್ಲಿನಿಕ್, ಲ್ಯಾಬ್, ಪಶು ಚಿಕಿತ್ಸಾಲಯದಂಥ ಸಂಸ್ಥೆಗಳನ್ನು ನಡೆಸುವವರ ಮೇಲೆ. ಮನೆ ಸಂಸ್ಥೆಯಲ್ಲ. ಅಜ್ಜಿ ಮನೆಯಲ್ಲಿ ಚುಚ್ಚಿಕೊಂಡ ಸೂಜಿ ಘನತ್ಯಾಜ್ಯ ನಿಯಮಕ್ಕೆ. ಅದೇ ಸೂಜಿ ಕ್ಲಿನಿಕ್ಕಿನಲ್ಲಿ ಬಳಕೆಯಾದರೆ ಬಿಳಿ ಬಣ್ಣದ, ಚುಚ್ಚಿದರೂ ತೂತಾಗದ ಡಬ್ಬಿಗೆ. ಶಾಲೆಯ ಅಂಗಳದಲ್ಲಿ ರಕ್ತದಾನ ಶಿಬಿರ ನಡೆದರೆ? ಅದೂ ಜೀವವೈದ್ಯಕೀಯವೇ, ಶಿಬಿರಗಳ ಹೆಸರನ್ನೂ ನಿಯಮದಲ್ಲಿ ಸೇರಿಸಿದ್ದಾರೆ. ಹಾಗಾಗಿ ನನ್ನ ಸೂತ್ರ ಇದು: ವಸ್ತು ಯಾವುದು ಅಂತ ಕೇಳುವ ಮೊದಲು, ಎಲ್ಲಿ ಕಸವಾಯಿತು ಅಂತ ಕೇಳಿ. ಇದೊಂದರಿಂದ ಎಷ್ಟೋ ಪ್ರಶ್ನೆ ಸರಾಗ ಬಿಡಿಸಬಹುದು.

ಮನೆಯದು ಅಂದಮಾತ್ರಕ್ಕೆ ಒಣಕಸಕ್ಕೆ ಸುಮ್ನೆ ಎಸೆಯೋ ಹಾಗಿಲ್ಲ. ಬೇರೆಯಾಗಿ ಇಟ್ಟು ಕಸ ಸಂಗ್ರಹಿಸುವವರಿಗೆ ಹೇಳಿ ಕೊಡಬೇಕು, ಇಲ್ಲವೇ ಸಂಗ್ರಹ ಕೇಂದ್ರಕ್ಕೆ ಒಯ್ಯಬೇಕು. 20 ಚದರ ಕಿಲೋಮೀಟರಿಗೆ ಒಂದರಂತೆ ಸ್ಥಳೀಯ ಸಂಸ್ಥೆ ಇಂಥ ಕೇಂದ್ರ ತೆರೆಯಬೇಕು ಎಂದು 2016ರ ನಿಯಮದಲ್ಲೇ ಇತ್ತು. ಕಸ ಬೇರ್ಪಡಿಸುವ ಪೌರಕಾರ್ಮಿಕರ ಬೆರಳಿಗೆ ಸೂಜಿ ಚುಚ್ಚಿದರೆ ಸೋಂಕಿನ ಭಯ ನಿಜವಾದದ್ದು. ಅದಕ್ಕೇ ಇಡೀ ನಿಯಮದಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಬೇರೆಯಾಗಿ ಇಟ್ಟು ಕೊಡಿ ಎನ್ನುವ ಸಾಲು.

2026ರ ಏಪ್ರಿಲ್ 1ರಿಂದ 2016ರದರ ಜಾಗಕ್ಕೆ ಹೊಸ ಘನತ್ಯಾಜ್ಯ ನಿಯಮ. ಮೂರರ ಬದಲು ನಾಲ್ಕು ವಿಂಗಡಣೆ: ಹಸಿ, ಒಣ, ಸ್ಯಾನಿಟರಿ (ಪ್ಯಾಡ್, ಡೈಪರ್), ವಿಶೇಷ ಕಾಳಜಿಯ ಕಸ. ಬಲ್ಬು, ಔಷಧಿ, ಪೇಂಟ್ ಡಬ್ಬಿ ಕೊನೆಯದಕ್ಕೆ.

ನಮ್ಮವರಿಗೆ ನೆನಪಿಡಲು ಒಂದು ಕೊಂಡಿ: 2000ದ ಮೊದಲ ಘನತ್ಯಾಜ್ಯ ನಿಯಮಕ್ಕೆ ದಾರಿ ಮಾಡಿದ್ದು ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿ.

1986ರ ಕಾಯ್ದೆಯಲ್ಲಿ ಶಿಕ್ಷೆಯ ಸೆಕ್ಷನ್ 15ನ್ನು ಹಳೇ ಗೈಡಿನಿಂದ ಓದಬೇಡಿ. ಅದರಲ್ಲಿ 5 ವರ್ಷದವರೆಗೆ ಜೈಲು ಅಂತ ಇರುತ್ತದೆ. ಹಲವು ಕಾಯ್ದೆಗಳ ಜೈಲು ಶಿಕ್ಷೆಯನ್ನು ದಂಡವಾಗಿಸಿದ ಜನ ವಿಶ್ವಾಸ್ ತಿದ್ದುಪಡಿಯಿಂದ 2024ರ ಏಪ್ರಿಲ್ 1ರ ನಂತರ ಅದು 10,000ದಿಂದ 15 ಲಕ್ಷ ರೂಪಾಯಿವರೆಗಿನ ದಂಡ. ದಂಡ ಕಟ್ಟದಿದ್ದರೆ ಮಾತ್ರ ಜೈಲಿನ ಮಾತು.