ನೆಲೆಕಳಚುವಿಕೆ: ಪಾಲಿಬೆಟ್ಟದ ಕಾಫಿ, ಲಂಡನ್ನಿನ ಬೆಲೆ

ಆಧುನಿಕತೆಯ ಚರ್ಚೆಯಲ್ಲಿ ‘ಡಿಸ್‌ಎಂಬೆಡಿಂಗ್’ ಎಂಬ ಪರಿಕಲ್ಪನೆ ಆಗಾಗ ಎದುರಾಗುತ್ತದೆ. ಕನ್ನಡದಲ್ಲಿ ನೆಲೆಕಳಚುವಿಕೆ ಎನ್ನೋಣ. ಊರು, ಮನೆತನ, ಮುಖಪರಿಚಯಗಳ ಒಳಗೆ ನಡೆಯುತ್ತಿದ್ದ ಸಂಬಂಧವೊಂದು ಅಲ್ಲಿಂದ ಕಳಚಿಕೊಂಡು, ಪರಸ್ಪರ ಕಂಡೇ ಇರದ ಜನರ ನಡುವೆ ಮತ್ತೆ ಹೆಣೆದುಕೊಳ್ಳುವುದನ್ನು ಇದು ಸೂಚಿಸುತ್ತದೆ. ಬ್ರಿಟಿಷ್ ಸಮಾಜಶಾಸ್ತ್ರಜ್ಞ ಆಂಟನಿ ಗಿಡೆನ್ಸ್ 1990ರಲ್ಲಿ ಇದನ್ನು ವಿಸ್ತಾರವಾಗಿ ವಿವರಿಸಿದರು. ಹಣ ಮತ್ತು ಪರಿಣತರ ವ್ಯವಸ್ಥೆಗಳು (ನಾವು ಕಂಡಿರದ ತಜ್ಞರ ಜ್ಞಾನವನ್ನು ನಂಬಿ ನಡೆಯುವ ಏರ್ಪಾಡುಗಳು) ಈ ಕಳಚುವ ಕೆಲಸ ಮಾಡುವ ಎರಡು ಸಾಧನಗಳು ಎಂದರು.

ಕೊಡಗಿನಲ್ಲಿ ಕುಳಿತವರಿಗೆ ಇದು ಅರ್ಥವಾಗಲು ಕಾಫಿ ಕಣದವರೆಗೆ ಹೋದರೆ ಸಾಕು. ಪಾಲಿಬೆಟ್ಟದಲ್ಲಿ ಒಣಗುತ್ತಿರುವ ರೊಬಸ್ಟಾ ತಳಿಯ ಕಾಫಿ ಹಣ್ಣಿಗೆ, ಅಂದರೆ ಚೆರಿಗೆ, 50 ಕೆ.ಜಿ. ಚೀಲದ ಲೆಕ್ಕದಲ್ಲಿ ಬೆಲೆ ಹೇಳುತ್ತಾರೆ. ಆ ಬೆಲೆಯ ಮೂಲ ಲಂಡನ್ನಿನ ವಾಯಿದಾ ಮಾರುಕಟ್ಟೆಯಲ್ಲಿದೆ (ಮುಂದೆ ಕೊಡುವ ಸರಕಿಗೆ ಇಂದೇ ಬೆಲೆ ಕಟ್ಟುವ ಪೇಟೆ), ಇನ್ನೊಂದು ತಳಿ ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. 1975ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಬಡಿದಾಗ ಜಗತ್ತಿನಾದ್ಯಂತ ಕಾಫಿ ದರ ಏರಿತು. 1990ರ ದಶಕದಲ್ಲಿ ವಿಯೆಟ್ನಾಂ ರೊಬಸ್ಟಾವನ್ನು ರಾಶಿ ರಾಶಿಯಾಗಿ ಬೆಳೆಯತೊಡಗಿತು. 2000ದ ಆಸುಪಾಸಿನಲ್ಲಿ ದರ ಕುಸಿದು ಇಲ್ಲಿನ ಬೆಳೆಗಾರರು ಸಾಲದಲ್ಲಿ ಮುಳುಗಿದರು. 2024ರಲ್ಲಿ ಅದೇ ವಿಯೆಟ್ನಾಂನ ಬರ ಇಲ್ಲಿಯ ರೊಬಸ್ಟಾಕ್ಕೆ ದಾಖಲೆ ಬೆಲೆ ತಂದುಕೊಟ್ಟಿತು. ಹೂಮಳೆ ಸಕಾಲಕ್ಕೆ ಬಿದ್ದಿತೇ ಎಂದು ಆಕಾಶ ನೋಡುವ ಬೆಳೆಗಾರ ಇಂದು ಇನ್ನೊಂದು ಖಂಡದ ಆಕಾಶವನ್ನೂ ಮೊಬೈಲ್‌ನಲ್ಲಿ ನೋಡುತ್ತಾನೆ.

ಇದೆಲ್ಲ 1991ರ ಉದಾರೀಕರಣದಿಂದ ಶುರುವಾಯಿತು ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಬ್ರಿಟಿಷರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಮೇಲೆ ಯುರೋಪಿಯನ್ನರು ಇಲ್ಲಿ ದೊಡ್ಡ ಪ್ರಮಾಣದಲ್ಲಿ ತೋಟ ಮಾಡಿದ್ದೇ ಹೊರಗಿನ ಮಾರುಕಟ್ಟೆಗಾಗಿ. ನಡುವೆ ಕೆಲವು ದಶಕ ಕಾಫಿ ಮಂಡಳಿಯ ‘ಪೂಲ್’ ಒಂದು ತಡೆಗೋಡೆಯಾಗಿತ್ತು: ಬೆಳೆಯನ್ನು ಮಂಡಳಿಗೆ ಒಪ್ಪಿಸಿ, ಕಂತುಗಳಲ್ಲಿ ಬರುವ ಹಣಕ್ಕೆ ಕಾಯಬೇಕಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಆ ಗೋಡೆ ಬಿತ್ತು. ಕಂತಿಗೆ ಕಾಯುತ್ತಾ ಗೊಣಗಿದವರೇ ದರ ಕುಸಿದಾಗ ಅದನ್ನು ನೆನೆದದ್ದೂ ಉಂಟು.

ಕಳಚಿದ್ದೆಲ್ಲ ನಾಶವಾಗುತ್ತದೆ ಎಂದು ಗಿಡೆನ್ಸ್ ಹೇಳುವುದಿಲ್ಲ. ಅದು ಹೊಸ ಜಾಗದಲ್ಲಿ, ಹೊಸ ರೂಪದಲ್ಲಿ ನೆಲೆಯೂರಬಹುದು. ‘ಮರುನೆಲೆ’ ಎನ್ನಬಹುದಾದ ಈ ಭಾಗವನ್ನು ‘ಸಂಸ್ಕೃತಿ ಹಾಳಾಯಿತು’ ಎಂದು ಭಾಷಣ ಮಾಡುವವರು ಮರೆಯುತ್ತಾರೆ. ಕೊಡವರ ಸುಗ್ಗಿ ಹಬ್ಬ ಪುತ್ತರಿಯನ್ನೇ ನೋಡಿ. ಕಕ್ಕಬ್ಬೆ ಬಳಿಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿಯಾಗುವ ಮುಹೂರ್ತಕ್ಕೆ ಗದ್ದೆಗಿಳಿದು ಕದಿರು ತೆಗೆಯುವ ಹಬ್ಬವದು. ಇಂದು ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ, ಎಷ್ಟೋ ಐನ್‌ಮನೆಗಳಲ್ಲಿ (ಮನೆತನದ ಮೂಲಮನೆಗಳಲ್ಲಿ) ಹಬ್ಬಕ್ಕಷ್ಟೇ ಜನ ಸೇರುತ್ತಾರೆ. ಆದರೆ ಬೆಂಗಳೂರಿನಲ್ಲಿ ನೆಲೆಸಿದ ಕೊಡವರೂ ಕದಿರು ತರುತ್ತಾರೆ, ‘ಪೊಲಿ ಪೊಲಿ ದೇವಾ’ ಎನ್ನುತ್ತಾರೆ.

ಹಾಕಿಯ ಕಥೆ ಇನ್ನೂ ಸ್ವಾರಸ್ಯದ್ದು. ಇಂಗ್ಲಿಷರ ಆಟ, ಸೈನ್ಯದ ಮೂಲಕ ಬೇರುಬಿಟ್ಟದ್ದು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಕೊಡವ ಕುಟುಂಬಗಳ ನಡುವೆ ಪಂದ್ಯಾವಳಿ ಆರಂಭಿಸಿದಾಗ 60 ತಂಡಗಳಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ 360. ತಂಡಕ್ಕೆ ಒಕ್ಕದ, ಅಂದರೆ ಮನೆತನದ, ಹೆಸರೇ ಹೆಸರು. ಹೊರದೇಶದಲ್ಲಿ ಕೆಲಸ ಮಾಡುವ ಹುಡುಗ ರಜೆ ಹಾಕಿ ಬಂದು ದೂರದ ಚಿಕ್ಕಪ್ಪನ ಜೊತೆ ಆಡುತ್ತಾನೆ. ಐನ್‌ಮನೆ ಕೂಡಿಸಲಾರದ್ದನ್ನು ಮೈದಾನ ಕೂಡಿಸುತ್ತಿದೆ. ಹೋಂಸ್ಟೇಗಳ ಬಗ್ಗೆ ನನಗೆ ಇಷ್ಟು ಉತ್ಸಾಹವಿಲ್ಲ. ಅಲ್ಲಿ ಅತಿಥಿ ಸತ್ಕಾರಕ್ಕೆ ದರಪಟ್ಟಿ ಬಂದಿದೆ, ಅಷ್ಟೆ.

ಮರುನೆಲೆ ಎಲ್ಲರಿಗೂ ಸಮನಾಗಿ ಒದಗುವುದಿಲ್ಲ ಎಂಬುದನ್ನು ಮಾತ್ರ ಈ ಪರಿಕಲ್ಪನೆಯನ್ನು ಬಳಸುವವರು ಒತ್ತಿ ಹೇಳಬೇಕು. ಒಕ್ಕದ ಹೆಸರು, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಇದ್ದವರಿಗೆ ಮರಳಿ ಬರಲು ಒಂದು ವಿಳಾಸವಿದೆ. ತಲೆಮಾರುಗಳಿಂದ ತೋಟಗಳ ಲೈನ್‌ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಬದುಕಿದ ಯರವ ಆದಿವಾಸಿಗಳಿಗೆ, ಈಗ ಅದೇ ಲೈನ್‌ಮನೆಗಳಿಗೆ ಬಂದಿರುವ ಅಸ್ಸಾಮಿನ ಕಾರ್ಮಿಕರಿಗೆ ಅದಿಲ್ಲ. ಲೈನ್‌ಮನೆ ಬಿಟ್ಟು ದಿಡ್ಡಳ್ಳಿಯಲ್ಲಿ ಗುಡಿಸಲು ಕಟ್ಟಿಕೊಂಡ ಆದಿವಾಸಿ ಕುಟುಂಬಗಳನ್ನು 2016ರ ಡಿಸೆಂಬರಿನಲ್ಲಿ ತೆರವುಗೊಳಿಸಲಾಯಿತು. ದೊಡ್ಡ ಹೋರಾಟದ ನಂತರ ಅವರಲ್ಲಿ ಅನೇಕರಿಗೆ ಜಾಗ ಸಿಕ್ಕಿದ್ದು ಕುಶಾಲನಗರದ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ. ಅವರು ಕೇಳಿದ್ದು ದಿಡ್ಡಳ್ಳಿಯ ನೆಲವನ್ನು.