ನಾಲ್ಕನೇ ಗೇರಿನಲ್ಲಿ ಗೇರ್‌ಬಾಕ್ಸ್ ಪಳಗುವುದಿಲ್ಲ

ಪದ್ಮಿನಿ ಅಥವಾ ಅಂಬಾಸಿಡರ್ ಕಾರಿನ ಗೇರ್‌ಬಾಕ್ಸನ್ನು ಪೂರ್ತಿ ಬಿಚ್ಚಿ, ಬೇರಿಂಗು ಮತ್ತು ಗೇರ್ ಬದಲಾಗುವಾಗ ವೇಗ ಹೊಂದಿಸುವ ಸಿಂಕ್ರೊ ರಿಂಗುಗಳನ್ನು ನಾನು ಹೊಸದಾಗಿ ಹಾಕಿ ಕೊಟ್ಟಾಗ ಮಾಲೀಕರು ಮೊದಲು ಕೇಳುವುದು, ಎಷ್ಟು ಕಿಲೋಮೀಟರ್ ನಿಧಾನವಾಗಿ ಓಡಿಸಬೇಕು ಎಂದು. ಈ ಪ್ರಶ್ನೆಯೇ ಎಂಜಿನ್ನಿನಿಂದ ಎರವಲು ಬಂದದ್ದು. ಎಂಜಿನ್ ಬೋರ್ ಮಾಡಿಸಿದ, ಅಂದರೆ ಸವೆದ ಸಿಲಿಂಡರುಗಳನ್ನು ಕೊರೆಸಿದ ಮೇಲೆ ಹದವಾದ ವೇಗದಲ್ಲಿ ಓಡಿಸಿದ ನೆನಪಿನಲ್ಲಿ ಗೇರ್‌ಬಾಕ್ಸಿಗೂ ಅದೇ ಉಪಚಾರ ಮಾಡಲು ಹೊರಟು, ಭಾನುವಾರ ಬೆಳಿಗ್ಗೆ ಮೈಸೂರಿನ ಹೆದ್ದಾರಿ ಹಿಡಿಯುತ್ತಾರೆ. ಬೆಂಗಳೂರಿನ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಹಾಗೆ ಹೋಗಿಬಂದು, ‘ಬಿಡದಿ ದಾಟಿದ ಮೇಲೆ ನಾಲ್ಕನೇ ಗೇರಿನಿಂದ ಇಳಿಸಲೇ ಇಲ್ಲ, ಗೇರ್‌ಬಾಕ್ಸಿಗೆ ಒಂದಿಷ್ಟೂ ತೊಂದರೆ ಕೊಟ್ಟಿಲ್ಲ’ ಎಂದು ಅಭಿಮಾನದಿಂದ ಹೇಳಿದರು. ಅಂಥವರ ಮೇಲೆ ಸಿಟ್ಟಾಗುವುದು ಕಷ್ಟ. ಆದರೆ ಅವರು ಅದಕ್ಕೆ ಕೆಲಸವನ್ನೂ ಕೊಟ್ಟಿರಲಿಲ್ಲ.

ನಾಲ್ಕು ಗೇರಿನ ಈ ಹಳೆಯ ಕಾರುಗಳಲ್ಲಿ ನಾಲ್ಕನೆಯದು ನೇರ ಗೇರು. ಎಂಜಿನ್ ಕಡೆಯ ಶಾಫ್ಟೂ ಹಿಂದಕ್ಕೆ ಹೋಗುವ ಮೈನ್ ಶಾಫ್ಟೂ ಒಂದಕ್ಕೊಂದು ಕಚ್ಚಿಕೊಂಡು ಒಂದೇ ದಂಡವಾಗಿ ತಿರುಗುತ್ತವೆ; ಉಳಿದ ಗೇರುಗಳಲ್ಲಿ ಶಕ್ತಿ ದಾಟಿಸುವ ಕೆಳಗಿನ ದಂಡ, ಅಂದರೆ ಲೇ ಶಾಫ್ಟು, ಸುತ್ತುತ್ತಲೇ ಇದ್ದರೂ ಅದರ ಹಲ್ಲುಗಳ ಮೇಲೆ ಹೊರೆ ಇರುವುದಿಲ್ಲ. ಸಿಂಕ್ರೊ ರಿಂಗಿನ ಮಾತಂತೂ ಕೇಳುವುದೇ ಬೇಡ, ಏಕೆಂದರೆ ಅದಕ್ಕೆ ಕೆಲಸವಿರುವುದು ಗೇರ್ ಬದಲಾಗುವ ಕ್ಷಣದಲ್ಲಿ ಮಾತ್ರ. ಹಿತ್ತಾಳೆಯ ಆ ರಿಂಗಿನ ಒಳಮೈಯಲ್ಲಿ ಕೂದಲೆಳೆಯಂಥ ಗೀರುಗಳಿರುತ್ತವೆ. ಅವು ಎಣ್ಣೆಯ ಪದರವನ್ನು ಸೀಳಿ, ಗೇರಿನ ಉಕ್ಕಿನ ಕೋನನ್ನು (ಶಂಕುವಿನಂಥ ಭಾಗವನ್ನು) ಹಿಡಿದು, ಎರಡರ ವೇಗವನ್ನೂ ಸಮ ಮಾಡಬೇಕು. ಹೊಸ ರಿಂಗು ಕೋನಿನ ಮೇಲೆ ಅಲ್ಲಲ್ಲಿ ಮಾತ್ರ ತಾಗುತ್ತದೆ. ಸುತ್ತಲೂ ಸಮವಾಗಿ ಕೂರಬೇಕಾದರೆ ಗೇರ್ ಮತ್ತೆ ಮತ್ತೆ ಬದಲಾಗಬೇಕು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿದೆ, ಪದ್ಮಿನಿಯದು ಅದಕ್ಕೂ ಎಷ್ಟೋ ಮೊದಲು. ಇಂದು ಸಿಗುವ ರಿಂಗುಗಳ ಗುಣಮಟ್ಟ ಒಂದೇ ಬಗೆಯದಲ್ಲವಾದ್ದರಿಂದ ಈ ಕೂರುವಿಕೆಗೆ ಇನ್ನಷ್ಟು ಮಹತ್ವ ಬಂದಿದೆ.

ಆದ್ದರಿಂದ ನಾನು ಹೇಳುವುದು ಹೆದ್ದಾರಿ ಬೇಡ, ಜಯನಗರದ ಬ್ಲಾಕುಗಳಲ್ಲಿ ಬೆಳಗಿನ ಹೊತ್ತು ಸುತ್ತಿ ಎಂದು. ಪ್ರತಿ ಕ್ರಾಸಿನಲ್ಲೂ ಎರಡು, ಮೂರು, ನಾಲ್ಕು, ಮತ್ತೆ ಮೂರು, ಎರಡು. ಲಿವರನ್ನು ನ್ಯೂಟ್ರಲಿನಲ್ಲಿ ಒಂದು ಗಳಿಗೆ ನಿಲ್ಲಿಸಿ, ಬೆರಳುಗಳಿಂದ ಹದವಾಗಿ ಒತ್ತಿ ಹಿಡಿಯಿರಿ. ಅದು ತಾನಾಗಿ ಒಳಗೆ ಜಾರುವುದು ಕೈಗೆ ತಿಳಿಯುತ್ತದೆ. ಅಂಗೈ ಕೊಟ್ಟು ತಳ್ಳಿದರೆ ವೇಗ ಸಮವಾಗುವ ಮೊದಲೇ ಹಲ್ಲಿಗೆ ಹಲ್ಲು ಬಡಿದು ತುದಿ ಮುಕ್ಕಾಗುತ್ತದೆ. ಮೊದಲನೇ ಗೇರಿಗೆ ಸಿಂಕ್ರೊ ಇಲ್ಲವೆಂಬುದನ್ನು ಹಳೆಯ ಮಾಲೀಕರಿಗೆ ಹೇಳಬೇಕಿಲ್ಲ. ಅವರ ಮಕ್ಕಳಿಗೆ ಹೇಳಬೇಕಾಗುತ್ತದೆ. ಲಿವರ್ ಬಿಗಿಯಾಗಿದ್ದರೆ ನನ್ನನ್ನು ಬೈಯುವ ಮೊದಲು ಕ್ಲಚ್ ಪೂರ್ತಿ ಬಿಡುತ್ತಿದೆಯೇ, ಸ್ಟಿಯರಿಂಗ್ ಪಕ್ಕದಿಂದ ಇಳಿದುಬರುವ ಲಿಂಕೇಜಿನ, ಅಂದರೆ ಲಿವರನ್ನು ಗೇರ್‌ಬಾಕ್ಸಿಗೆ ಜೋಡಿಸುವ ಸರಳುಗಳ ಬುಷ್ಷುಗಳು ಸವೆದಿವೆಯೇ ಎಂದು ದಯವಿಟ್ಟು ನೋಡಿಸಿ.

ಇಷ್ಟು ಉಜ್ಜಿದ ಪುಡಿ ಎಲ್ಲಿಗೆ ಹೋಗಬೇಕು? ಎಣ್ಣೆಗೆ. ಉಳಿ ಹೊಡೆಸಿದ ಒರಳಿನಲ್ಲಿ ರುಬ್ಬಿದ ಮೊದಲ ಹಿಟ್ಟನ್ನು ಯಾರೂ ಉಣ್ಣುವುದಿಲ್ಲ. ಆದರೂ ಸುಮಾರು 500ರಿಂದ 800 ಕಿಲೋಮೀಟರಿಗೆ ಎಣ್ಣೆ ಇಳಿಸೋಣವೆಂದರೆ ‘ಇನ್ನೂ ಹೊಸದಲ್ಲವೇ’ ಎಂಬ ಉತ್ತರ ಬರುತ್ತದೆ. ಕಾರನ್ನು ಸ್ವಲ್ಪ ಓಡಿಸಿ, ಬಿಸಿಯಿರುವಾಗಲೇ ಇಳಿಸಿ, ಬಿಳಿ ತಟ್ಟೆಯಲ್ಲಿ ಒಂದಿಷ್ಟು ಹಿಡಿದು ಬಿಸಿಲಿಗೆ ಓರೆ ಮಾಡಿ. ಚಿನ್ನದ ಬಣ್ಣದ ಮಿನುಗು ಹಿತ್ತಾಳೆಯದು, ಅದು ಆಯಸ್ಕಾಂತಕ್ಕೆ ಅಂಟುವುದಿಲ್ಲ. ಆಯಸ್ಕಾಂತಕ್ಕೆ ನುಣುಪಾದ ಬೂದು ಕೆಸರು ಅಂಟಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಕಾರನ್ನು ಅಲ್ಲಿಯೇ ನಿಲ್ಲಿಸಿ. ಮತ್ತೆ ತುಂಬುವಾಗ ಕಾರಿನ ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯೇ ಇರಲಿ. ಅಂಗಡಿಯವನು ‘ಇದು ಇನ್ನೂ ಸ್ಟ್ರಾಂಗು’ ಎಂದು ಕೊಡುವ ಜಿಎಲ್-5 ದರ್ಜೆಯ ಎಣ್ಣೆ, ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಹಲ್ಲುಗಳಿಗಾಗಿ ಇರುವಂಥದ್ದು. ಅದರಲ್ಲಿ ಹೆಚ್ಚಿರುವ ಗಂಧಕದ ಅಂಶ ಕೆಲವು ತಯಾರಿಕೆಗಳಲ್ಲಿ ಹಿತ್ತಾಳೆಯನ್ನು ತಿನ್ನಬಹುದು, ರಿಂಗಿನ ಹಿಡಿತವೂ ಕಡಿಮೆಯಾಗಬಹುದು.

ಹಳೆಯ ಹಲ್ಲುಗಳಿಗೆ ಹೊಸ ಬೇರಿಂಗ್ ಹಾಕಿದಾಗ ಎರಡು, ಮೂರನೇ ಗೇರಿನಲ್ಲಿ ಕೆಲವು ವಾರ ಸಣ್ಣ ಕೊರಗುದನಿ ಇರಬಹುದು. ಅದು ಹೆಚ್ಚುತ್ತಾ ಹೋದರೆ ಮಾತ್ರ ಕಾರು ತನ್ನಿ. ನಾಲ್ಕನೇ ಗೇರಿನಲ್ಲಿಯೂ ಅದೇ ದನಿ ಅಷ್ಟೇ ಜೋರಾಗಿದ್ದರೆ, ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಹಿಂದಿನ ಡಿಫರೆನ್ಷಿಯಲನ್ನು ನೋಡಿಸುವುದು ಒಳ್ಳೆಯದು.